ಶೆಡ್‌ನಾಗ ನಿಂತ ಹಳೇ ಕಾರಿಗೆ ಒರಿಜಿನಲ್ ಪಾರ್ಟ್ ಹುಡುಕೋದು ಹೆಂಗ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರದಾಗ ಹಳೇ ಕಾರಿನವ್ರೇ ಜಾಸ್ತಿ ಅದಾರ. ರಾಯಚೂರು, ಗಂಗಾವತಿ, ಸಂಡೂರು, ಸಿಂಧನೂರು, ಮುನಿರಾಬಾದ್, ಬಳ್ಳಾರಿ ಪೇಟೆ, ಎಲ್ಲಾ ಕಡೆಯಿಂದ. ನಮ್ಮ ಭಾಗದಾಗ ಹಳೇ ಗಾಡಿ ಉಳಿದಿರೋದಕ್ಕ ಒಂದು ಕಾರಣ ಐತಿ, ನಮ್ಮ ಒಣಾ ಬಿಸಿಲಿಗೆ ರಬ್ಬರ್ ಬೀಡಿಂಗ್, ಸೀಟು, ಡ್ಯಾಶ್‌ಬೋರ್ಡು ಸೀಳ್ತಾವ ಖರೆ, ಆದ್ರ ಮಂಗಳೂರು ಕಡೆ ಹಂಗ ತಗಡು ತುಕ್ಕು ತಿಂದು ಉದುರಂಗಿಲ್ಲ. ಹಂಗಾಗಿ ಬಾಡಿ ಗಟ್ಟಿ ಇರೋ ಗಾಡಿ ಇಲ್ಲಿ ಇನ್ನೂ ಸಿಗ್ತಾವ, ಅವನ್ನ ಸರಿಯಾಗಿ ಉಳಿಸ್ಕೋಬೇಕು ಅನ್ನೋದೇ ನನ್ನ ಆಸೆ. ಪ್ರಶ್ನೆಗಳನ್ನ ಸ್ವಲ್ಪ ಮೊಟಕು ಮಾಡೀನಿ, ಉತ್ತರ ಮಾತ್ರ ಉದ್ದ ಆಗ್ಯಾವ.

ಪ್ರಶ್ನೆ: ನಮ್ಮ ಅಪ್ಪಾಜಿ 1967ರಾಗ ತಗೊಂಡ ಫಿಯಟ್ 1100 ಡಿಲೈಟ್ ಅದ ಸರ್. ಬಾಳ ವರ್ಷದಿಂದ ಶೆಡ್ಡಿನಾಗ ನಿಂತದ, ಎಂಜಿನ್ ಜಾಮ್ ಆಗ್ಯದ. ಮೆಕ್ಯಾನಿಕ್ ಹೇಳ್ತಾನ, ಗುಜರಿಯಿಂದ ಒಂದು ಪದ್ಮಿನಿ (ಇದೇ ಫಿಯಟ್ ಕಾರಿನ ಆಮ್ಯಾಲಿನ ಹೆಸ್ರು) ತಗೊಂಡು ಅದರ ಸಾಮಾನೆಲ್ಲ ಇದಕ್ಕ ಹಾಕಿಬಿಡೋಣು ಅಂತ. ನನ್ನ ತಮ್ಮ ಹೊರದೇಶದಾಗ ಇದ್ದಾನ, ಅವ ಇಟಲಿಯಿಂದ ಪಿಸ್ಟನ್ ಸೆಟ್ ತರಸ್ತೀನಿ ಅಂತಾನ. ಯಾರ ಮಾತು ಕೇಳ್ಲಿ? (ರಾಯಚೂರಿನ ಓದುಗರು)

ಉತ್ತರ: ಇಬ್ಬರಿಗೂ ಸ್ವಲ್ಪ ತಡೀರಿ ಅಂತ ಹೇಳ್ರಿ. ಮೊದ್ಲು ನಿಮ್ಮ ಗಾಡಿ ಏನು ಅಂತ ನೀವು ಬರ್ಕೋಬೇಕು, ಆಮೇಲೆ ಪಾರ್ಟ್ ಮಾತು. ಬಾನೆಟ್ ಎತ್ತಿ ಒಳಗ ರಿವೆಟ್ ಹೊಡೆದ ಪ್ಲೇಟ್ ಹುಡುಕ್ರಿ, ಪೇಂಟ್ ಮೆತ್ತಿದ್ರ ಥಿನ್ನರ್ ಬಟ್ಟೀಲಿ ಒರೆಸ್ರಿ, ಸ್ಯಾಂಡ್‌ಪೇಪರ್ ಮುಟ್ಟಿಸಬ್ಯಾಡ್ರಿ. ಚಾಸಿ ನಂಬರು, ಎಂಜಿನ್ ನಂಬರು ಎರಡರ ಮ್ಯಾಲೂ ಹಾಳಿ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಳ್ರಿ, ಆರ್‌ಸಿ ಜೊತೆ ತಾಳೆ ನೋಡ್ರಿ. ಬ್ಲಾಕ್ ಮ್ಯಾಲೆ, ಹೆಡ್ ಮ್ಯಾಲೆ ಎರಕದಾಗ ಎದ್ದಿರೋ ಅಕ್ಷರ, ನಂಬರು ಎಲ್ಲಾದರದ್ದೂ ಫೋಟೋ ಇರಲಿ. ಈ ಒಂದು ಕೆಲಸ ಮಾಡಿದವ್ರಿಗೆ ಅಂಗಡಿಯವ್ರು ತಪ್ಪು ಮಾಲು ದಾಟಿಸೋದು ಕಷ್ಟ.

ಈಗ ನಿಮ್ಮ ತಮ್ಮನ ಪಿಸ್ಟನ್. ಹೆಸ್ರು ಒಂದೇ ಆದ್ರೂ ಇಟಲಿ 1100ಡಿ ಬ್ಯಾರೆ, ನಮ್ಮ 1100ಡಿ ಬ್ಯಾರೆ. ಇಟಲಿಯಾಗ 1962ರಾಗ ಬಂದ 1100ಡಿಗೆ 1221 ಸಿಸಿ ಎಂಜಿನ್ ಇತ್ತು, ಬೋರ್ (ಪಿಸ್ಟನ್ ಓಡೋ ಸಿಲಿಂಡರಿನ ಅಗಲ) 72 ಎಂಎಂ. ಮುಂಬೈ ಕುರ್ಲಾದಾಗ ಪ್ರೀಮಿಯರ್ ಕಂಪ್ನಿ 1964ರಿಂದ ಮಾಡಿದ ನಮ್ಮ ಡಿಲೈಟ್‌ಗೆ ಹಾಕಿದ್ದು 1089 ಸಿಸಿ, ಬೋರ್ 68 ಎಂಎಂ. ಸ್ಟ್ರೋಕ್, ಅಂದ್ರ ಪಿಸ್ಟನ್ ಏರಿ ಇಳಿಯೋ ದೂರ, ಎರಡಕ್ಕೂ 75 ಎಂಎಂ. ಅಲ್ಲಿಂದ "1100ಡಿ" ಅಂತ ಹೇಳಿ ತರಿಸಿದ್ರ ನಿಮ್ಮದಕ್ಕಿಂತ 4 ಎಂಎಂ ಜಾಸ್ತಿ ದಪ್ಪ ಪಿಸ್ಟನ್ ಬರ್ತಾವ, ನಿಮ್ಮ ಬ್ಲಾಕಿನಾಗ ಇಳಿಯಂಗೇ ಇಲ್ಲ, ಕಸ್ಟಮ್ಸ್ ಕಟ್ಟಿದ ದುಡ್ಡೂ ಹೋಗ್ತೈತಿ. ತರಿಸಲೇಬೇಕು ಅಂದ್ರ 1089 ಸಿಸಿ ಅಂತ, 68 ಎಂಎಂ ಅಂತ ಬರೆದೇ ಕೇಳ್ಬೇಕು, ಅದೂ ಬೋರಿಂಗ್ ಅಂಗಡಿಯವ್ರು ನಿಮ್ಮ ಬ್ಲಾಕ್ ಅಳೆದು ಎಷ್ಟು ಓವರ್‌ಸೈಜ್ ಬೇಕು ಅಂತ ಹೇಳಿದ ಮ್ಯಾಲೆ. ಆದ್ರ ಇಟಲಿ ತನಕ ಹೋಗೋ ಜರೂರು ಇಲ್ಲ. ಇದೇ ಎಂಜಿನ್ ಪದ್ಮಿನಿಗೂ ಬಂದು, 2000ದ ಸುಮಾರಿನ ತನಕ ಗಾಡಿ ತಯಾರಾಗಿ, ಮುಂಬೈನಾಗ ಟ್ಯಾಕ್ಸಿಯಾಗಿ ಓಡಿ, 2023ರ ಅಕ್ಟೋಬರ್‌ನಾಗ ಕೊನೇ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಅಷ್ಟು ವರ್ಷ ಓಡಿದ ಎಂಜಿನ್ ಅಂದ್ರ ಪಿಸ್ಟನ್, ರಿಂಗು, ಬೇರಿಂಗ್ ಎಷ್ಟು ತಯಾರಾಗಿರಬ್ಯಾಡ, ಹಳೇ ಅಂಗಡಿ ಅಟ್ಟದಾಗ ಇನ್ನೂ ಅದಾವ. ಟ್ಯಾಕ್ಸಿ ನಿಂತ ಮ್ಯಾಲೆ ಹೊಸದಾಗಿ ಮಾಡಿಸೋರು ಕಮ್ಮಿ ಆಗ್ತಾರ, ಅದಕ್ಕ ಸಿಕ್ಕಾಗ ತಗೊಂಡು ಇಟ್ಕೊಳ್ರಿ.

ಮೆಕ್ಯಾನಿಕ್ ಮಾತು ಅರ್ಧ ಸರಿ. ಗುಜರಿ ಪದ್ಮಿನಿಯಿಂದ ಎಂಜಿನ್ ಒಳಗಿನ ಸಾಮಾನು, ಗೇರ್‌ಬಾಕ್ಸ್ ಒಳಗಿನ ಸಾಮಾನು ತಗೊಂಡ್ರ ತಪ್ಪಿಲ್ಲ, ಬಹುತೇಕ ಅದೇ ಮಾಲು. ಕೊನೇ ಕಾಲದ ಕೆಲವು ಪದ್ಮಿನಿಗೆ ಫ್ಲೋರ್ ಗೇರ್ ಬಂತು, ಅಂಥದ್ದು ಬ್ಯಾಡ, ಸ್ಟೇರಿಂಗ್ ಪಕ್ಕ ಗೇರ್ ಇರೋದೇ ನೋಡ್ರಿ. ಆದ್ರ ಕಣ್ಣಿಗೆ ಕಾಣೋದು, ಅಂದ್ರ ಗ್ರಿಲ್, ಲೈಟು, ಡ್ಯಾಶ್‌ಬೋರ್ಡು, ಮೀಟರು, ಹ್ಯಾಂಡಲ್ಲು, ಇವನ್ನ ಪದ್ಮಿನಿಯಿಂದ ಕಿತ್ತು ಹಾಕಿದ ದಿನ ನಿಮ್ಮದು ಡಿಲೈಟ್ ಆಗಿ ಉಳಿಯಂಗಿಲ್ಲ. ಮೀಟರ್ ಕೆಟ್ಟಿದ್ರ ಅದೇ ಮೀಟರ್ ರಿಪೇರಿ ಮಾಡಸ್ರಿ, ಹ್ಯಾಂಡಲ್ ಸವೆದಿದ್ರ ಅದಕ್ಕೇ ಬುಷ್ ಹಾಕಸ್ರಿ. ನಿಮ್ಮ ಅಪ್ಪಾಜಿ ಕೈ ಇಟ್ಟ ಹ್ಯಾಂಡಲ್ ಅದು, ಅದಕ್ಕಿಂತ ಒರಿಜಿನಲ್ ಪಾರ್ಟ್ ಯಾವ ಪ್ಯಾಟಿಯಾಗೂ ಸಿಗಂಗಿಲ್ಲ. ನಾ ಎಲ್ಲಾರಿಗೂ ಇದನ್ನೇ ಹೇಳೋದು, ಬಿಚ್ಚಿದ ಒಂದು ನಟ್ಟೂ ಗುಜರಿಗೆ ಹೋಗಬಾರ್ದು, ಡಬ್ಬೀಲಿ ಹಾಕಿ ಎಲ್ಲಿಂದ ಬಿಚ್ಚಿದ್ದು ಅಂತ ಚೀಟಿ ಕಟ್ರಿ.

ಇನ್ನ ಜಾಮ್ ಆದ ಎಂಜಿನ್. ಸೆಲ್ಫ್ ಹೊಡೀಬ್ಯಾಡ್ರಿ, ಎಳೆದು ಗೇರ್ ಹಾಕಿ ತಿರುಗಿಸೋದೂ ಬ್ಯಾಡ. ನಾಕೂ ಪ್ಲಗ್ ಬಿಚ್ಚಿ ಒಳಗ ತೆಳ್ಳನ ಆಯಿಲ್ ಹಾಕಿ ನಾಕಾರು ದಿನ ಬಿಟ್ಟು ಕೈಯಿಂದಲೇ ಪುಲ್ಲಿ ಅಲ್ಲಾಡಿಸಿ ನೋಡ್ರಿ. ಹೆಡ್ ಎತ್ತಿದ ಮ್ಯಾಲೆ ನೀರು ಓಡೋ ತೂತುಗಳನ್ನ ಚೆನ್ನಾಗಿ ನೋಡ್ರಿ, ಇದರ ಬ್ಲಾಕ್ ಬೀಡು (ಎರಕದ ಕಬ್ಬಿಣ), ಹೆಡ್ ಅಲ್ಯುಮಿನಿಯಂ, ನಮ್ಮ ಕಡೆ ಬೋರ್‌ವೆಲ್ಲಿನ ಗಡಸು ನೀರನ್ನ ವರ್ಷಗಟ್ಟಲೆ ರೇಡಿಯೇಟರಿಗೆ ಹಾಕಿದ್ರ ಆ ತೂತಿನ ಅಂಚು ಕೊರೆದು ಹೋಗಿರ್ತೈತಿ. ಒಳ್ಳೇ ಆರ್ಗಾನ್ ವೆಲ್ಡರ್ ಅದನ್ನ ತುಂಬಿ ಫೇಸಿಂಗ್ ಮಾಡಿ ಕೊಡ್ತಾರ. ಇನ್ನೊಂದು ಹೆಡ್ ಹುಡುಕೋದಕ್ಕಿಂತ ಮೊದ್ಲು ಅದನ್ನ ಕೇಳ್ರಿ.

ಪ್ರಶ್ನೆ: ನಂದು 1969ರ ಅಂಬಾಸಿಡರ್ ಮಾರ್ಕ್ 2. ಒಬ್ಬ ವ್ಯಾಪಾರಿ ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್) ಒಂದು ತೋರ್ಸಿ "ಆವಾಗಿನ ಪ್ಯಾಕ್ ಒಡೀದ ಕಂಪ್ನಿ ಮಾಲು, 60ರ ದಶಕದ್ದು" ಅಂತ ಬಾಳ ರೇಟ್ ಹೇಳ್ತಾನ. ಡಬ್ಬಿ ಫೋಟೋ ಇಟ್ಟೀನಿ, ಅದರ ಮ್ಯಾಲೆ ಚೆನ್ನೈ ವಿಳಾಸ ಐತಿ. ಹಂಗ ಗ್ರಿಲ್ಲು, ಬಾಗಿಲ ಹ್ಯಾಂಡಲ್ಲು ನಿಕ್ಕಲ್ ಹೋಗ್ಯಾವ, ಹೊಸಾವು ತಗೋಬೇಕಾ? (ರೈಸ್ ಮಿಲ್ ಫಿಟರ್, ಗಂಗಾವತಿ)

ಉತ್ತರ: ಡಬ್ಬಿ ಫೋಟೋ ಕಳ್ಸಿದ್ದು ಬಾಳ ಚಲೋ ಆತು, ಉತ್ತರ ಅದರ ಮ್ಯಾಲೇ ಐತಿ. ಮದ್ರಾಸ್ ಊರಿಗೆ ಚೆನ್ನೈ ಅಂತ ಅಧಿಕೃತವಾಗಿ ಹೆಸ್ರು ಬಂದಿದ್ದು 1996ರಾಗ. 60ರ ದಶಕದ ಡಬ್ಬಿ ಮ್ಯಾಲೆ ಚೆನ್ನೈ ಅಂತ ಎಲ್ಲಿಂದ ಬರ್ಬೇಕು? ಬಾಂಬೆ ಮುಂಬೈ ಆಗಿದ್ದು 1995, ಕಲ್ಕತ್ತಾ ಕೋಲ್ಕತಾ ಆಗಿದ್ದು 2001. ಇನ್ನೊಂದು ಗುರ್ತು ಪಿನ್ ಕೋಡ್, ಆರು ಅಂಕಿ ಪಿನ್ ಶುರುವಾಗಿದ್ದೇ 1972ರ ಆಗಸ್ಟ್ 15ಕ್ಕ, ಹಂಗಾಗಿ ವಿಳಾಸದಾಗ ಪಿನ್ ಇದ್ರ ಅದು ಅದಕ್ಕಿಂತ ಹಳೇ ಡಬ್ಬಿ ಅಲ್ಲ. ಬಾರ್‌ಕೋಡ್ ಇದ್ರಂತೂ ಮಾತೇ ಬ್ಯಾಡ. ಆದ್ರ ಒಂದು ನ್ಯಾಯದ ಮಾತು ಹೇಳ್ಬೇಕು, ಡಬ್ಬಿ ಹೊಸದು ಅಂದ ಮಾತ್ರಕ್ಕ ಮಾಲು ಡೂಪ್ಲಿಕೇಟ್ ಅಂತ ಅಲ್ಲ. ಅಂಬಾಸಿಡರ್ 2014ರ ಮೇ ತನಕ ಕೋಲ್ಕತಾ ಹತ್ರದ ಉತ್ತರಪಾರಾದಾಗ ತಯಾರಾಗ್ತಿತ್ತು, ಸಾಮಾನೂ ಬರ್ತಾನೇ ಇದ್ದವು. ಗಾಡಿ ಓಡಿಸೋದಕ್ಕ ಅದು ಚಲೋ ಮಾಲೇ ಇರಬಹುದು, 60ರ ದಶಕದ ರೇಟ್ ಕೊಡಬ್ಯಾಡ್ರಿ ಅಷ್ಟೇ.

ಡಬ್ಬಿ ಬಿಟ್ಟು ಮಾಲು ಕೈಯಾಗ ಹಿಡ್ದು ನೋಡೋದು ಹೆಂಗ ಅಂದ್ರ, ಲೂಕಾಸ್ ಕಂಪ್ನಿ ಡೆಲ್ಕೋ, ಡೈನಮೋ, ಸೆಲ್ಫ್ ಇವುಗಳ ಮೈ ಮ್ಯಾಲೇ ನಂಬರ್ ಕೊರೆದಿರ್ತಾರ. ಡೆಲ್ಕೋ ಬಾಡಿ ಪಕ್ಕದಾಗ ಮಾಡೆಲ್ ಹೆಸ್ರು, ಆ ಕಾಲದ ಬಾಳ ಎಂಜಿನ್‌ಗೆ 25ಡಿ4 ಅಂತ ಇರ್ತೈತಿ, ಆಮ್ಯಾಲೆ ಐದಂಕಿ ನಂಬರು, ಅದರ ಹತ್ರಾನೇ ತಯಾರಾದ ಡೇಟು, ಕೊನೇ ಎರಡು ಅಂಕಿ ವರ್ಷ. ಮಸಿ ಕಟ್ಟಿದ್ರ ಸೀಮೆಎಣ್ಣಿ ಬ್ರಷ್ ಹಚ್ಚಿ ತೊಳ್ದು, ಚಾಕ್ ಪೀಸ್ ಉಜ್ಜಿ ಅಡ್ಡಲಾಗಿ ಟಾರ್ಚ್ ಬಿಡ್ರಿ, ಅಂಕಿ ಎದ್ದು ಕಾಣ್ತಾವ. ನಿಮ್ಮ ಗಾಡಿ ವರ್ಷಕ್ಕಿಂತ ಸ್ವಲ್ಪ ಹಿಂದಿನ ಡೇಟ್ ಇದ್ರ ಹೊಂದ್ತೈತಿ, ಮುಂದಿನದ್ದಿದ್ರ ಯಾರೋ ಆಮ್ಯಾಲೆ ಬದಲಿ ಮಾಡ್ಯಾರ ಅಂತ ಅರ್ಥ. ಲೂಕಾಸ್-ಟಿವಿಎಸ್ ಮದ್ರಾಸಿನಾಗ ಶುರುವಾಗಿದ್ದು 1961ರಾಗ, ಅದಕ್ಕಿಂತ ಮೊದಲಿನ ಗಾಡಿ ಮ್ಯಾಲೆ ಅವರ ಮುದ್ರೆ ಇದ್ರ ಅದೂ ಬದಲಿ ಮಾಲೇ. ಎಸ್‌ಯು ಕಂಪ್ನಿ ಕಾರ್ಬುರೇಟರ್ ಇದ್ರ ಫ್ಲೋಟ್ ಚೇಂಬರ್ ಮುಚ್ಚಳದ ಸ್ಕ್ರೂ ಕೆಳಗ ಉಗುರಿನಷ್ಟು ತಗಡಿನ ಬಿಲ್ಲೆ ಇರ್ತೈತಿ, ಎಯುಸಿ ಅಥವಾ ಎಯುಡಿ ಅಂತ ಶುರುವಾಗೋ ನಂಬರು. ಸರ್ವಿಸ್ ಮಾಡೋ ಹುಡುಗ್ರು ಅದನ್ನ ವಾಷರ್ ಅಂತ ತಿಳ್ದು ಬಿಸಾಕ್ತಾರ. ಆ ಬಿಲ್ಲೆ ಇದ್ರ ಕಾರ್ಬುರೇಟರ್ ಯಾವ ಎಂಜಿನ್‌ಗೆ ಮಾಡಿದ್ದು ಅಂತ ನೇರ ಗೊತ್ತಾಗ್ತೈತಿ, ಇಂಗ್ಲೆಂಡಿನಾಗ ಎಸ್‌ಯು ಸಾಮಾನು ಇವತ್ತಿಗೂ ಹೊಸಾವು ತಯಾರಾಗ್ತಾವ. ನಿಮ್ಮ 1489 ಸಿಸಿ ಎಂಜಿನ್ ಅಲ್ಲಿನ ಮೋರಿಸ್ ಆಕ್ಸ್‌ಫರ್ಡ್‌ಗೂ ಎಂಜಿ ಗಾಡಿಗೂ ಇದ್ದದ್ದೇ, ಹಂಗಾಗಿ ಅಂಬಾಸಿಡರ್ ಹೆಸ್ರಿನಾಗ ಸಿಗದ ಗ್ಯಾಸ್ಕೆಟ್ಟು, ವಾಲ್ವು ಆ ಹೆಸ್ರಿನಾಗ ಸಿಗ್ತಾವ.

ನಿಕ್ಕಲ್ ವಿಷಯ ನೀವು ಫಿಟರ್ ಅದೀರಿ, ಬೇಗ ತಿಳೀತೈತಿ. ಮೊದ್ಲು ಮ್ಯಾಗ್ನೆಟ್ ಇಡ್ರಿ. ಬಂಪರ್ ಕಬ್ಬಿಣ, ಗಟ್ಟಿಯಾಗಿ ಹಿಡೀತೈತಿ. ಹ್ಯಾಂಡಲ್, ಮುಂದಿನ ಬ್ಯಾಡ್ಜ್ ಇಂಥಾವು ಬಹಳಷ್ಟು ಸತುವಿನ ಎರಕ, ಮ್ಯಾಗ್ನೆಟ್ ಹಿಡಿಯಂಗಿಲ್ಲ. ಕಬ್ಬಿಣಕ್ಕ ಮಾಡೋ ಹಂಗ ಆಸಿಡ್ ತೊಟ್ಟೀಲಿ ಅದ್ದಿ ಹಳೇ ಲೇಪ ತೆಗೆಯೋಕೆ ಹೋದ್ರ ಸತು ಕರಗಿ ಅಕ್ಷರ, ಅಂಚು ಎಲ್ಲಾ ಹೋಗಿ ಬಿಡ್ತೈತಿ, ಬಾಳ ಹಳೇ ಬ್ಯಾಡ್ಜು ಹಿಂಗೇ ಹಾಳಾಗ್ಯಾವ. ಪ್ಲೇಟಿಂಗ್ ಮಾಡೋರಿಗೆ ಕೊಡೋ ಮುಂಚೆ ಇದು ಸತು ಅಂತ ಬಾಯಿ ಬಿಟ್ಟು ಹೇಳ್ರಿ, ತೂತು ಬಿದ್ದ ಜಾಗದಾಗ ತಾಮ್ರ ಕಟ್ಟಿ, ಬಫಿಂಗ್ ಮಾಡಿ, ಮತ್ತ ತಾಮ್ರ ಕಟ್ಟಿ, ಹಂಗ ಮಟ್ಟ ಮಾಡಿ ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್ ಅಂತ ಕೇಳ್ರಿ. ಕ್ರೋಮ್ ಪದರು ಅನ್ನೋದು ಒಂದು ಮೈಕ್ರಾನೂ ಇರಂಗಿಲ್ಲ, ಹೊಳಪು ಬರೋದೂ ತುಕ್ಕು ತಡೆಯೋದೂ ಕೆಳಗಿನ ನಿಕ್ಕಲ್‌ನಿಂದ. ಅಗ್ಗದ ಹೊಸ ಗ್ರಿಲ್‌ಗೆ ಆ ನಿಕ್ಕಲ್ ತೆಳ್ಳಗ ಹಾಕಿರ್ತಾರ, ಒಂದು ಮಳೆಗಾಲಕ್ಕ ಸಿಪ್ಪಿ ಏಳ್ತೈತಿ. ನಿಮ್ಮ ಗ್ರಿಲ್ ಚೌಕಾಬಾರ ಮನೆ ಹಂಗ ಚೌಕ ಚೌಕ ಇದ್ರ ಅದು ಮಾರ್ಕ್ 2ರದ್ದೇ, ಅದನ್ನೇ ರಿಪೇರಿ ಮಾಡಸ್ರಿ. ಮಾರ್ಕ್ 3 ಬಂದದ್ದು 1975ರಾಗ, ಅಂಗಡಿಯಾಗ "ಅಂಬಾಸಿಡರ್ ಗ್ರಿಲ್" ಅಂತ ಕೊಡೋದು ಬಹುತೇಕ ಅದರ ಆಮ್ಯಾಲಿನ ಗಾಡಿಯದ್ದು.

ಪ್ರಶ್ನೆ: ಪಾರ್ಟ್ ಹುಡುಕ್ಕೊಂಡು ಯಾವ ಊರಿಗೆ ಹೋಗ್ಬೇಕು? ಒಂದೇ ಕಡೆ ಎಲ್ಲಾ ಸಿಗೋ ಜಾಗ ಐತೇನ್ರಿ? (ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಒಂದೇ ಕಡೆ ಅನ್ನೋದು ಇಲ್ಲ್ರಿ. ಬಳ್ಳಾರಿಯವ್ರಿಗೆ ಬೆಂಗಳೂರು ಸುಲಭ, ರಾತ್ರಿ ರೈಲು ಹತ್ತಿದ್ರ ಬೆಳಿಗ್ಗೆ ಜೆ.ಸಿ. ರಸ್ತೆ, ಅಲ್ಲಿಂದ ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ಓಣಿ. ರಾಯಚೂರಿನವ್ರಿಗೆ ಹೈದರಾಬಾದ್ ಹತ್ರ. ಫಿಯಟ್ ಅಂದ್ರ ಮುಂಬೈನೇ ತವರು, ಕುರ್ಲಾ ಕಡೆ ಗುಜರಿ, ಚೋರ್ ಬಜಾರ್‌ನ ಮಟನ್ ಸ್ಟ್ರೀಟ್. ಸ್ಟ್ಯಾಂಡರ್ಡ್ ಹೆರಾಲ್ಡ್ ಇದ್ದವ್ರು ಚೆನ್ನೈ ಪುದುಪೇಟೆ ನೋಡ್ರಿ, ಆ ಗಾಡಿ ತಯಾರಾಗಿದ್ದೇ ಮದ್ರಾಸ್ ಹೊರವಲಯದಾಗ. ಅಂಬಾಸಿಡರ್‌ಗೆ ಕೋಲ್ಕತಾದ ಮಲ್ಲಿಕ್ ಬಜಾರ್. ದಿಲ್ಲೀಲಿ ಕಾಶ್ಮೀರಿ ಗೇಟ್, ಮಾಯಾಪುರಿ.

ಆದ್ರ ಅಷ್ಟು ದೂರ ಹೋಗೋ ಮುಂಚೆ ನಮ್ಮ ಕಡೆ ಹುಡುಕ್ರಿ, ಇದನ್ನ ಯಾರೂ ಮಾಡಂಗಿಲ್ಲ. ನಮ್ಮ ಜಿಲ್ಲಾದಾಗ, ತಾಲೂಕಿನಾಗ 30-40 ವರ್ಷದಿಂದ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸಿದವ್ರು ಅದಾರ, ಅಪ್ಪ ಕುಂತ ಗಲ್ಲಾದಾಗ ಈಗ ಮಗ ಕುಂತಿರ್ತಾನ, ಅವನಿಗೆ ಮ್ಯಾಲಿನ ಅಟ್ಟದಾಗ ಏನೈತಿ ಅಂತಾನೇ ಗೊತ್ತಿರಂಗಿಲ್ಲ. ಸ್ಟಾಕ್ ನೋಡ್ರಿ ಅಂದ್ರ ಕಂಪ್ಯೂಟರ್ ನೋಡಿ ಇಲ್ಲ ಅಂತಾನ. ಅವರ ಅಪ್ಪಾರು ಮನ್ಯಾಗ ಇದ್ರ ಅವರನ್ನ ಭೇಟಿಯಾಗಿ, ಚಹಾ ಕುಡ್ದು, ಮಾತಾಡಿ, ಹಳೇ ಪಾರ್ಟ್ ಕೈಯಾಗ ಇಟ್ಟು ತೋರ್ಸಿ ಕೇಳ್ರಿ. ಫೋಟೋ ತೋರ್ಸಿದ್ರ ಸಾಲಂಗಿಲ್ಲ, ಅವ್ರು ಪಾರ್ಟ್‌ನ ಕೈಯಾಗ ಹಿಡ್ದು ತಿರುಗಿಸಿ ನೋಡಿನೇ ನೆನಪು ಮಾಡ್ಕೊಳ್ಳೋದು. ಇನ್ನ ಸಿಗದೇ ಇದ್ದದ್ದನ್ನ ಮಾಡ್ಸೋದಕ್ಕ ನಮ್ಮ ಭಾಗದಂಥಾ ಜಾಗ ಇಲ್ಲ ಅಂತ ನನ್ನ ನಂಬಿಕೆ, ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ರೈಸ್ ಮಿಲ್‌ಗೆ, ಟ್ರ್ಯಾಕ್ಟರ್‌ಗೆ ದುಡಿಯೋ ಲೇತ್ ಮಷೀನ್‌ನವ್ರು, ಬಳ್ಳಾರಿ, ಸಂಡೂರಿನಾಗ ಅದಿರು ಲಾರಿಯ ಪ್ಲೇಟ್ ಸ್ಪ್ರಿಂಗ್ ಕಟ್ಟೋರು, ರೇಡಿಯೇಟರ್ ಮಾಡೋರು, ಅವರ ಕೈ ಚಲೋ ಐತಿ. ಕಿಂಗ್‌ಪಿನ್ನು, ಬುಷ್ಷು, ಶ್ಯಾಕಲ್ ಪಿನ್ನು ಇಂಥಾವಕ್ಕ ಊರೂರು ತಿರುಗೋದಕ್ಕಿಂತ ಒರಿಜಿನಲ್ ಅಳತಿ ಕೊಟ್ಟು ಇಲ್ಲೇ ಮಾಡಸ್ರಿ.

ಅಂಗಡಿಗೆ ಹೋಗೋವಾಗ ಜೇಬಿನಾಗ ಒಂದು ವರ್ನಿಯರ್ ಕ್ಯಾಲಿಪರ್, ಒಂದು ಮ್ಯಾಗ್ನೆಟ್, ಎರಡು ಸ್ಯಾಂಪಲ್ ಬೋಲ್ಟ್ ಇರಲಿ. ಫಿಯಟ್ ಮಿಲಿಮೀಟರ್ ಥ್ರೆಡ್ಡು, ಅಂಬಾಸಿಡರ್ ಎಂಜಿನ್ನು, ವಿಲ್ಲೀಸ್ ಜೀಪು ಇಂಚಿನ ಥ್ರೆಡ್ಡು. ಅರ್ಧ ಇಂಚು ಅಂದ್ರ 12.7 ಎಂಎಂ, ಹಂಗಾಗಿ 13ರ ಸ್ಪ್ಯಾನರ್ ಅದಕ್ಕ ಕೂತಂಗ ಕಾಣ್ತೈತಿ, ಜೋರು ಹಾಕಿದಾಗ ಜಾರಿ ಬೋಲ್ಟ್ ಮೂಲೆ ಉರುಟಾಗ್ತೈತಿ, ಆಮೇಲೆ ಛೀನಿ ಹೊಡ್ದೇ ಬಿಚ್ಬೇಕು. ಹಳೇ ಅಂಬಾಸಿಡರ್‌ನಾಗ ಮೂಲೆ ಹೋದ ಬೋಲ್ಟ್ ಅಷ್ಟೊಂದು ಕಾಣೋದು ಇದಕ್ಕೇ. ಇಂಚಿನ ಸ್ಪ್ಯಾನರ್ ಸೆಟ್ ಒಂದು ತಗೊಳ್ರಿ, ಮೆಕ್ಯಾನಿಕ್ ಹತ್ರ ಇಲ್ಲ ಅಂದ್ರ ನೀವೇ ಕೊಡ್ರಿ.

ಇನ್ನೊಂದು ಎಚ್ಚರಿಕೆ. ನಂಬರ್ ಇರೋ ಮಾಲು, ಅಂದ್ರ ಎಂಜಿನ್ ಬ್ಲಾಕು, ಚಾಸಿ, ಬಾಡಿ, ಕಾಗದ ಇಲ್ಲದೆ ತಗೋಬ್ಯಾಡ್ರಿ. ನಂಬರ್ ಗ್ರೈಂಡ್ ಮಾಡಿದ್ದು ಕಂಡ್ರ ರೇಟ್ ಕೇಳೋದಕ್ಕೂ ನಿಲ್ಲಬ್ಯಾಡ್ರಿ.

ಪ್ರಶ್ನೆ: ನಮ್ಮ ಫಿಯಟ್‌ಗೆ ಹಳೇ ಸ್ಟಾಕಿನ ಒರಿಜಿನಲ್ ಬ್ರೇಕ್ ಕಿಟ್, ಬ್ರೇಕ್ ಹೋಸ್ ಪೈಪು ಸಿಕ್ಕಾವ, ಡಬ್ಬಿ ಇನ್ನೂ ಹಂಗೇ ಐತಿ. ಬಾಳ ಖುಷಿಯಾಗಿ ತಗೊಂಡೀನಿ. ಹಾಕಿಸ್ಲೇನು? (ಮುನಿರಾಬಾದ್)

ಉತ್ತರ: ಹಾಕಿಸ್ಬ್ಯಾಡ್ರಿ. ನಿಮ್ಮ ಖುಷಿ ನನಗ ಅರ್ಥ ಆಗ್ತೈತಿ, ಆ ಡಬ್ಬಿ ಕಪಾಟಿನಾಗ ಇಡ್ರಿ, ಮಂದಿಗೆ ತೋರಸ್ರಿ, ಗಾಡಿಗೆ ಮಾತ್ರ ಬ್ಯಾಡ. ರಬ್ಬರ್ ಬಳಸಲಿ ಬಿಡಲಿ ವಯಸ್ಸಾಗ್ತೈತಿ, 40 ವರ್ಷ ಡಬ್ಬೀಲಿ ಕುಂತ ವಾಷರ್ ನೋಡಾಕ ಹೊಸದು, ಒತ್ತಿದ್ರ ಗಡಸು. ಅದು ಬ್ರೇಕ್ ಆಯಿಲ್ ಒತ್ತಡ ತಡೆಯಂಗಿಲ್ಲ, ಹೋಸ್ ಒಳಗಿಂದ ಬಿರುಕು ಬಿಟ್ಟಿರ್ತೈತಿ, ಹೊರಗ ಕಾಣಂಗಿಲ್ಲ. ಈ ಗಾಡಿಗಳಿಗೆ ಬ್ರೇಕ್ ಲೈನ್ ಒಂದೇ, ಎಲ್ಲಾದ್ರೂ ಒಂದು ಕಡೆ ಒಡೆದ್ರ ನಾಕೂ ಚಕ್ರದ ಬ್ರೇಕ್ ಒಮ್ಮೆಗೇ ಹೋಗ್ತೈತಿ. ನಿಮ್ಮ ಹಳೇ ವೀಲ್ ಸಿಲಿಂಡರ್ ಬೀಡಿನದ್ದು ಇದ್ರ ಅದನ್ನೇ ಇಟ್ಕೊಂಡು ಒಳಗ ಹಿತ್ತಾಳಿ ಇಲ್ಲಾ ಸ್ಟೇನ್‌ಲೆಸ್ ಸ್ಲೀವ್ ಹೊಡ್ಸಿ, ರಬ್ಬರ್ ಎಲ್ಲಾ ಈಗಿನ ಹೊಸದು ಹಾಕಸ್ರಿ. ಹೊರಗಿಂದ ಒರಿಜಿನಲ್, ಒಳಗ ಭದ್ರ.

ಇದೇ ಮಾತು ಟೈರಿಗೆ, ವೈರಿಂಗ್‌ಗೆ, ಪೆಟ್ರೋಲ್ ಪೈಪಿಗೆ. ಈಗ ಬಂಕಿನಾಗ ಬರೋ ಪೆಟ್ರೋಲ್‌ನಾಗ 20% ಎಥನಾಲ್ ಐತಿ, ಹಳೇ ರಬ್ಬರ್ ಪೈಪನ್ನ, ಪೆಟ್ರೋಲ್ ಪಂಪಿನ ಡಯಾಫ್ರಾಮ್‌ನ ಅದು ಮೆತ್ತಗ ಮಾಡಿ ತಿಂತೈತಿ, ನೀರಿನ ಅಂಶಾನೂ ಎಳ್ಕೊಂತೈತಿ, ನಿಂತ ಗಾಡಿ ಟ್ಯಾಂಕಿನಾಗ ತುಕ್ಕು. ಎಥನಾಲ್ ತಾಳೋ ಪೈಪು, ಡಯಾಫ್ರಾಮ್ ಕಿಟ್ ಕೇಳಿ ಹಾಕಸ್ರಿ, ತಿಂಗಳುಗಟ್ಟಲೆ ನಿಲ್ಲಿಸೋದಾದ್ರ ಕಾರ್ಬುರೇಟರ್ ಖಾಲಿ ಮಾಡ್ರಿ. ಅಂಬಾಸಿಡರ್‌ನವ್ರಿಗೆ ಇನ್ನೊಂದು, ಸೀಸ ಹಾಕಿದ ಪೆಟ್ರೋಲ್ ದೇಶದಾಗ ನಿಂತಿದ್ದು 2000ರಾಗ, ಹಳೇ ಬೀಡಿನ ಹೆಡ್‌ಗೆ ಆ ಸೀಸಾನೇ ವಾಲ್ವ್ ಸೀಟ್ ಕಾಯ್ತಿತ್ತು. ಹೆಡ್ ಹೆಂಗೂ ಬಿಚ್ಚಿದ್ರ ಎಗ್ಸಾಸ್ಟ್ ಸೀಟ್‌ಗೆ ಗಡಸು ರಿಂಗ್ ಹೊಡ್ಸಿ ಬಿಡ್ರಿ, ಯಾರಿಗೂ ಕಾಣಂಗಿಲ್ಲ. ಹಾಂ, ಹಳೇ ಬ್ರೇಕ್ ಲೈನಿಂಗ್‌ನಾಗ ಆಸ್ಬೆಸ್ಟಾಸ್ ಇರ್ತೈತಿ, ಡ್ರಮ್ ಬಿಚ್ಚಿದಾಗ ಗಾಳಿ ಹೊಡ್ದು ಧೂಳು ಎಬ್ಬಸಬ್ಯಾಡ್ರಿ, ಒದ್ದಿ ಬಟ್ಟೀಲೆ ಒರಸ್ರಿ, ಹುಡುಗ್ರು ಅಲ್ಲೇ ಕುಂತು ಕೆಲಸ ಮಾಡ್ತಿರ್ತಾರ.

ಪ್ರಶ್ನೆ: ಮಾವನವರ ಕಾಲದ ಪೆಟ್ರೋಲ್ ಜೀಪು, ಎತ್ತರ ಬಾನೆಟ್ಟಿಂದು. ಎಲ್ಲಾರೂ ಡೀಸೆಲ್ ಎಂಜಿನ್ ಕೂಡ್ರಸು ಅಂತಾರ, ಹರಿಯಾಣ ಕಡೆ ರೆಡಿ ಮಾಡಿ ಕೊಡ್ತಾರಂತ. (ಸಂಡೂರು)

ಉತ್ತರ: ದಯವಿಟ್ಟು ಬ್ಯಾಡ. ಬಾನೆಟ್ ಎತ್ತರ ಯಾಕೈತಿ ಅಂದ್ರ ಒಳಗಿನ ಹರಿಕೇನ್ ಎಂಜಿನ್ ಎತ್ತರ ಐತಿ, 134 ಕ್ಯೂಬಿಕ್ ಇಂಚು, ಅಂದ್ರ ಸುಮಾರು 2.2 ಲೀಟರ್, ಒಂದು ಸಾಲು ವಾಲ್ವ್ ಹೆಡ್‌ನಾಗ, ಇನ್ನೊಂದು ಸಾಲು ಬ್ಲಾಕಿನಾಗ. ಆ ಎಂಜಿನ್‌ಗಾಗೇ ವಿಲ್ಲೀಸ್‌ನವ್ರು ಸಿಜೆ3ಬಿ ಅನ್ನೋ ಈ ಜೀಪಿನ ಮುಖ ಎತ್ತರಿಸಿದ್ದು, ಅದನ್ನೇ ಇಲ್ಲಿ ಮಹೀಂದ್ರಾ ಮಾಡಿದ್ದು. ಎಂಜಿನ್ ತೆಗೆದ್ರ ಆ ಬಾನೆಟ್‌ಗೆ ಅರ್ಥಾನೇ ಇಲ್ಲ. ಸಾಮಾನು ಸಿಗದ ಎಂಜಿನ್ ಏನಲ್ಲ ಇದು, ಅಮೆರಿಕಾದಾಗ ಇದರ ಗ್ಯಾಸ್ಕೆಟ್ ಸೆಟ್, ವಾಲ್ವ್, ಪಿಸ್ಟನ್ ಎಲ್ಲಾ ಹೊಸಾವು ಮಾರ್ತಾರ. ಬ್ಯಾರೆ ಎಂಜಿನ್ ಹಾಕಿದ್ರ ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಾಗ ಬರಸ್ಬೇಕು, ಹಂಗ ಮಾಡದೇ ಓಡ್ಸಿದ್ರ ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್ ಕೈ ಎತ್ತಬಹುದು. ಇನ್ನ ಮುಂದಿನ ಪ್ರಶ್ನೆಗೆ ಕೊಟ್ಟ ಉತ್ತರಾನೂ ಓದ್ರಿ, ಎಂಜಿನ್ ಬದಲಿ ಮಾಡಿದ್ರ ಕಳ್ಕೊಳ್ಳೋದು ಏನು ಅಂತ ಅಲ್ಲೈತಿ.

ಪ್ರಶ್ನೆ: ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸ್ಬೇಕಂತ ಐತಿ. ಅದಕ್ಕ ಎಲ್ಲಾ ಪಾರ್ಟ್ ಒರಿಜಿನಲ್ಲೇ ಇರ್ಬೇಕಾ? ಹಳೇ ಮೈಸೂರು ರಾಜ್ಯದ ನಂಬರ್ ಹೋಗಿಬಿಡ್ತೈತಾ? (ಸಿಂಧನೂರು)

ಉತ್ತರ: ಕೇಂದ್ರ ಸರ್ಕಾರ 2021ರ ಜುಲೈನಾಗ ಮೋಟಾರು ವಾಹನ ನಿಯಮಕ್ಕ ಈ ಭಾಗ ಸೇರ್ಸಿತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ಟೂ ವೀಲರ್, ಫೋರ್ ವೀಲರ್‌ಗೆ ಇದು. ಗಾಡಿ ಮೂಲ ರೂಪದಾಗ ಇರ್ಬೇಕು, ಚಾಸಿ, ಬಾಡಿ, ಎಂಜಿನ್ ಇವನ್ನ ದೊಡ್ಡ ಮಟ್ಟಕ್ಕ ಬದಲಿ ಮಾಡಿರಬಾರ್ದು. ಅಂದ್ರ ವಾಷರ್ರು, ಬೀಡಿಂಗು, ಬ್ರೇಕ್ ಕಿಟ್ಟು ಹೊಸದು ಹಾಕಿದ್ದಕ್ಕ ಯಾರೂ ತಡೆಯಂಗಿಲ್ಲ, ಡೀಸೆಲ್ ಎಂಜಿನ್ ಕೂಡ್ರಿಸಿದ್ರ, ಬಾಡಿ ಕೊಯ್ದು ಓಪನ್ ಮಾಡಿದ್ರ ಬಾಗಿಲು ಮುಚ್ಚಿದಂಗೇ. ನಂಬರ್ ಹೋಗ್ತೈತಿ ಅನ್ನೋ ಹೆದರಿಕೆ ಬಿಡ್ರಿ, ಆಗ್ಲೇ ರಿಜಿಸ್ಟರ್ ಆದ ಗಾಡಿ ಹಳೇ ನಂಬರ್ ಉಳಿಸ್ಕೋಬಹುದು, ಹೊಸದಾಗಿ ಆಗೋ ಗಾಡಿಗೆ ನಡುವೆ ವಿಎ ಅಂತ ಅಕ್ಷರ ಇರೋ ನಂಬರ್ ಕೊಡ್ತಾರ. ಫಾರ್ಮ್ 20, ಇನ್ಶೂರೆನ್ಸ್, ಹಳೇ ಆರ್‌ಸಿ, ಹೊರದೇಶದಿಂದ ತಂದದ್ದಾದ್ರ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಕಾಗದ ಬೇಕು. ನಿಯಮ ಬಂದಾಗ ಇಟ್ಟ ಫೀಸು ಹೊಸ ರಿಜಿಸ್ಟ್ರೇಷನ್‌ಗೆ 20,000 ರೂಪಾಯಿ, ಮರು ರಿಜಿಸ್ಟ್ರೇಷನ್‌ಗೆ 5,000, ಅವಧಿ 10 ವರ್ಷ.

ಆದ್ರ ಒಂದು ಯೋಚ್ನೆ ಮಾಡ್ರಿ. ವಿಂಟೇಜ್ ಆದ ಗಾಡೀನ ದಿನಾ ಓಡ್ಸಂಗಿಲ್ಲ, ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸೋದು, ರಿಪೇರಿಗೆ ಒಯ್ಯೋದು, ಇಷ್ಟಕ್ಕೇ. ವಾರಕ್ಕೊಮ್ಮೆ ಮನಿ ಮಂದಿನ ಕೂಡ್ರಿಸ್ಕೊಂಡು ಅಂಬಾಮಠಕ್ಕೋ ಮಂತ್ರಾಲಯಕ್ಕೋ ಹೋಗಿ ಬರೋ ಆಸೆ ಇದ್ರ ಮಾಮೂಲಿ ಆರ್‌ಸಿನೇ 5 ವರ್ಷಕ್ಕೊಮ್ಮೆ ರಿನ್ಯೂ ಮಾಡಸ್ರಿ. ನನ್ನ ಮಟ್ಟಿಗೆ ಓಡೋ ಗಾಡಿನೇ ಚಂದ, ನಿಂತ್ರ ಮತ್ತ ಜಾಮ್.

ಪ್ರಶ್ನೆ: ಅಜ್ಜಾರ ಪದ್ಮಿನಿಗೆ ಡಿಕ್ಕಿ ಬೀಡಿಂಗು, ಗ್ಲಾಸ್ ಬೀಡಿಂಗು ಎಲ್ಲಾ ಸೀಳ್ಯಾವ. ಅಂಗಡಿಯಾಗ ಕೊಟ್ಟದ್ದು ಕೂಡ್ರವಲ್ದು, ಡಿಕ್ಕಿ ಹಾಕಾಕ ಬರವಲ್ದು. (ಕಾಲೇಜು ವಿದ್ಯಾರ್ಥಿನಿ, ಕೊಪ್ಪಳ)

ಉತ್ತರ: ತಂಗಿ, ಬೀಡಿಂಗ್ ತಗೊಳ್ಳೋವಾಗ ಗಾಡಿ ಹೆಸ್ರು ಹೇಳಿದ್ರ ಸಾಲಂಗಿಲ್ಲ, ಆಕಾರ ಹೊಂದ್ಬೇಕು. ಹಳೇ ಬೀಡಿಂಗ್‌ನಾಗ ಬಿಸಿಲು ಬೀಳದ ಜಾಗ, ಅಂದ್ರ ಕೆಳಗಿನ ಮೂಲೆ ಕಡೆ ಇನ್ನೂ ಮೆತ್ತಗ ಇರ್ತೈತಿ. ಅಲ್ಲಿಂದ ಎರಡು ಇಂಚು ತುಂಡು ಬ್ಲೇಡಿನಿಂದ ನೇರ ಕೊಯ್ದು, ಕೊಯ್ದ ಮುಖಾನ ಇಂಕ್ ಪ್ಯಾಡಿಗೆ ಒತ್ತಿ ಹಾಳಿ ಮ್ಯಾಲೆ ಮುದ್ರೆ ಹಾಕು, ಪಕ್ಕದಾಗ ಸ್ಕೇಲ್ ಇಟ್ಟು ಅಳತಿ ಬರೆ. ಬೀಡಿಂಗ್ ಕೂಡೋ ತಗಡಿನ ಅಂಚು ಎಷ್ಟು ದಪ್ಪ ಅಂತಾನೂ ಬರೆ, ಬಾಳ ಸಲ ಅಲ್ಲಿ ಹಳೇ ಪೇಂಟು, ಗಮ್ಮು ಪದರು ಪದರು ಕಟ್ಟಿರ್ತೈತಿ, ಅದನ್ನ ಕೆರೆದ್ರನೇ ಡಿಕ್ಕಿ ಅರ್ಧ ಕೂಡ್ತೈತಿ. ಆ ಮುದ್ರೆ, ತುಂಡು ಎರಡೂ ಬೀಡಿಂಗ್ ಅಂಗಡಿಗೆ ತೋರ್ಸು, ಮೀಟರ್ ಲೆಕ್ಕದಾಗ ಕೊಡೋರ ಹತ್ರ ಹತ್ತಾರು ನಮೂನೆ ಇರ್ತಾವ. ಗ್ಲಾಸಿಂದು ಮಾತ್ರ ಮೂಲೆ ಸಮೇತ ಎರಕ ಹೊಯ್ದದ್ದು ಬೇಕು, ಮೀಟರ್ ಲೆಕ್ಕದ್ದು ತಂದು ಮೂಲೇಲಿ ಕೊಯ್ದು ಅಂಟಿಸಿದ್ರ ಮೊದಲ ಮಳಿಗೇ ನೀರು ಒಳಗ ಬರ್ತೈತಿ. ಹೊಸದು ಕೂತು ಡಿಕ್ಕಿ ಸರಿಯಾಗಿ ಮುಚ್ಚೋ ತನಕ ಹಳೇದನ್ನ ಬಿಸಾಕಬ್ಯಾಡ, ಕೊಟ್ಟ ಸ್ಯಾಂಪಲ್ ತುಂಡನ್ನೂ ಅಂಗಡಿಯಿಂದ ವಾಪಸ್ ಇಸ್ಕೊಂಡು ಬಾ.